ಬಾದಾಮಿ–ಐಹೊಳೆ–ಪಟ್ಟದಕಲ್ಲು: ಅಧ್ಯಯನ ಪ್ರವಾಸದ ಕೊನೆಯ ಎರಡು ದಿನ ಹೇಗೆ ಹೊಂದಿಸುವುದು?

ಕಲ್ಲುಗಂಬ (ಪ್ರಶ್ನೆ)
ಬಿ.ಎ. ಇತಿಹಾಸದ 42 ವಿದ್ಯಾರ್ಥಿಗಳು, 3 ಅಧ್ಯಾಪಕರು, ಒಂದು ಬಸ್ಸು. ಫೆಬ್ರವರಿಯಲ್ಲಿ ಪ್ರವಾಸ. ಹಂಪಿ ಮುಗಿಸಿ ಬುಧವಾರ ರಾತ್ರಿ ಬಾದಾಮಿ ತಲುಪುತ್ತೇವೆ. ಗುರುವಾರ, ಶುಕ್ರವಾರ ಎರಡೇ ದಿನ. ಶುಕ್ರವಾರ ಸಂಜೆ ಬೆಂಗಳೂರಿಗೆ ವಾಪಸ್ಸು. ಗುರುವಾರ ಬಾದಾಮಿ, ಶುಕ್ರವಾರ ಪಟ್ಟದಕಲ್ಲು, ಐಹೊಳೆ, ಮಹಾಕೂಟ, ಸಾಧ್ಯವಾದರೆ ಕೂಡಲಸಂಗಮವೂ ಅಂದುಕೊಂಡಿದ್ದೇವೆ. ಪ್ರತಿಯೊಬ್ಬರೂ ಒಂದು ದೇವಾಲಯದ ವರದಿ ಕೊಡಬೇಕು. ಇಷ್ಟು ಆಗುತ್ತದೆಯೇ?

ಅಧಿಷ್ಠಾನ
ಆಗುವುದಿಲ್ಲ. ಮೊದಲು ದಿನಗಳನ್ನು ಅದಲುಬದಲು ಮಾಡಿ. ಬಾದಾಮಿಯ ಮತ್ತು ಐಹೊಳೆಯ ಪುರಾತತ್ತ್ವ ವಸ್ತುಸಂಗ್ರಹಾಲಯಗಳೆರಡಕ್ಕೂ ಶುಕ್ರವಾರ ರಜೆ. ನಿಮ್ಮ ಲೆಕ್ಕದಲ್ಲಿ ಹೋದರೆ ಐಹೊಳೆಯಲ್ಲಿ ಬೀಗ ನೋಡಿಕೊಂಡು ಬರುತ್ತೀರಿ. ಹೊರಗಿನ ಸುತ್ತಾಟವೆಲ್ಲ ಗುರುವಾರಕ್ಕೆ ಇರಲಿ, ಶುಕ್ರವಾರ ಬಾದಾಮಿ ಬಿಟ್ಟು ಕದಲಬೇಡಿ.

ಗುರುವಾರ ಬೆಳಿಗ್ಗೆ 6.30ಕ್ಕೆ ಬಸ್ಸು ಹೊರಡಲಿ. ಪಟ್ಟದಕಲ್ಲು ಸುಮಾರು 22 ಕಿ.ಮೀ. ವಿರೂಪಾಕ್ಷ ದೇವಾಲಯದ ಮುಖ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ. ಬೆಳಗಿನ ಬಿಸಿಲು ನೇರವಾಗಿ ಮುಖಮಂಟಪದ ಕಂಬಗಳ ಮೇಲೆ ಬೀಳುತ್ತದೆ. ಬಾದಾಮಿ ಚಾಲುಕ್ಯರ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಪೂರ್ವದ್ವಾರದ ಶಾಸನದಲ್ಲಿ ಗುಡಿಯ ಸೂತ್ರಧಾರಿ (ಮುಖ್ಯ ಶಿಲ್ಪಿ) ಗುಂಡನ ಹೆಸರಿದೆ, ಅದನ್ನು ಹುಡುಕಿಸಿ. ಪಾಪನಾಥ ಗುಡಿ ಮುಖ್ಯ ಸಮೂಹದಿಂದ ದಕ್ಷಿಣಕ್ಕೆ ತುಸು ದೂರ ಇರುವುದರಿಂದ ಗುಂಪುಗಳು ಬಿಟ್ಟೇ ಬರುತ್ತವೆ. ಬಿಡಬೇಡಿ. ವಿರೂಪಾಕ್ಷದ ದ್ರಾವಿಡ ವಿಮಾನ (ಗರ್ಭಗುಡಿಯ ಮೇಲೆ ಅಂತಸ್ತಾಗಿ ಏರುವ ಗೋಪುರ) ನೋಡಿದ ಕಣ್ಣಿಗೆ ಪಾಪನಾಥದ ರೇಖಾನಾಗರ ಶಿಖರ (ಬಾಗುತ್ತ ಮೇಲೇರುವ ಉತ್ತರದ ಶೈಲಿ) ಕಂಡಾಗಲೇ ವ್ಯತ್ಯಾಸ ತಲೆಗೆ ಹತ್ತುವುದು. ದಕ್ಷಿಣ ಗೋಡೆಯ ರಾಮಾಯಣದ ಸಾಲು ಬೇರೆ ಇದೆ.

10ಕ್ಕೆ ಅಲ್ಲಿಂದ ಎದ್ದರೆ 10.30ಕ್ಕೆಲ್ಲ ಐಹೊಳೆ. ದುರ್ಗ ಗುಡಿಗೆ ನುಗ್ಗಬೇಡಿ, ಮೊದಲು ಮೇಗುತಿ ಗುಡ್ಡ ಹತ್ತಿಸಿ. ಕಾರಣ ಬೆಳಕು. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಶಾಸನ (ಕ್ರಿ.ಶ. 634) ಗುಡ್ಡದ ಮೇಲಿನ ಜೈನ ಗುಡಿಯ ಪೂರ್ವದ ಹೊರಗೋಡೆಯಲ್ಲಿದೆ. ಬೆಳಿಗ್ಗೆ ಬಿಸಿಲು ಎದುರಿಂದ ಬಡಿಯುವುದರಿಂದ ಅಕ್ಷರ ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಗೋಡೆಯನ್ನು ಮೇಲಿನಿಂದ ಸವರಿಕೊಂಡು ಇಳಿದಾಗ ಪ್ರತಿ ಗೆರೆಯಲ್ಲೂ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ಹೊತ್ತು ಮೀರಿ ಗೋಡೆ ನೆರಳಿಗೆ ಬಂದಿದ್ದರೆ ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿಯಿರಿ. ಎದುರಿಂದ ಹಿಡಿದರೆ ಪ್ರಯೋಜನವಿಲ್ಲ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ನೀರು ಏನನ್ನೂ ಕಲ್ಲಿಗೆ ಮುಟ್ಟಿಸಬಾರದು.

ಇಳಿದ ಮೇಲೆ ಊಟ, ದುರ್ಗ ಗುಡಿ, ಅದರ ಆವರಣದಲ್ಲೇ ಇರುವ ವಸ್ತುಸಂಗ್ರಹಾಲಯ. 2ಕ್ಕೆ ಹೊರಟರೆ ಬಾದಾಮಿ ಸಂಗ್ರಹಾಲಯಕ್ಕೂ ಒಂದೂವರೆ ಗಂಟೆ ಸಿಗುತ್ತದೆ. ಅಲ್ಲಿಂದ ನಡೆದೇ ಭೂತನಾಥ ಗುಡಿಗೆ. ಅದು ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಪೂರ್ವದ ತುದಿಯಲ್ಲಿದೆ, ಇಳಿಬಿಸಿಲು ನೀರು ದಾಟಿ ಬಂದು ಅದರ ಮೇಲೆ ಬೀಳುತ್ತದೆ.

ತಟ್ಟುಕೋಟಿ ದಾರಿ
ಕೂಡಲಸಂಗಮ ಕೈಬಿಡ್ರಿ. ಐಹೊಳೆ ದಾಟಿ ಇನ್ನೂ ಮುಂದ ಹೋಗಬೇಕು, ವಿಷಯವೂ ಬ್ಯಾರೆ ಕಾಲದ್ದು. ಮಹಾಕೂಟದ ಸ್ತಂಭಶಾಸನ ನೋಡಾಕ ಅಂತ ಹೊಂಟಿದ್ರ ಅದು ಅಲ್ಲಿಲ್ಲ, ವಿಜಯಪುರದ ವಸ್ತುಸಂಗ್ರಹಾಲಯದಾಗ ಐತಿ. ಅದರ ಬದಲಿಗೆ ಶುಕ್ರವಾರ ಮುಂಜಾನೆ ತಂಪಿನ್ಯಾಗ ಕೆರೆಯ ಈಶಾನ್ಯ ದಿಕ್ಕಿನ ಬಂಡೆಗೆ ಹೋಗ್ರಿ, ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿ (ಮೂರು ಸಾಲಿನ ಪದ್ಯ) ಕಲ್ಲಿನ ಮ್ಯಾಲ ಮೊದಲು ಕಾಣೋದು ಅಲ್ಲೇ. ಆಮೇಲೆ ಬಾದಾಮಿಯ ಬಂಡೆ ಕೊರೆದ ಗುಹಾಲಯ. ಕೈಯಾಗ ಪ್ಲಾಸ್ಟಿಕ್ ಚೀಲ, ಬಿಸ್ಕೀಟು ಕಂಡ್ರ ಮಂಗ್ಯಾ ಬಿಡಂಗಿಲ್ಲ. ತಿಂಡಿ ಬಸ್ಸಿನ್ಯಾಗ ಇರ್ಲಿ.

ಅಳತೆಪಟ್ಟಿ
ವರದಿಯ ಬಗ್ಗೆ. ಕೊನೆಯ ದಿನ ಕೆಡುವುದು ನೋಡುವ ಕೆಲಸವಲ್ಲ, ದಾಖಲೆ. ಮನೆಗೆ ಹೋಗಿ ಫೋನ್ ತೆರೆದರೆ ಸಾವಿರ ಫೋಟೋ, ಯಾವ ಗುಡಿಯ ಯಾವ ಗೋಡೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ಸ್ಮಾರಕದಲ್ಲೂ ಮೊದಲ ಫೋಟೋ ಒಂದು ಚೀಟಿಯದಾಗಿರಲಿ: ಗುಡಿಯ ಹೆಸರು, ದಿನಾಂಕ, ತಂಡದ ಸಂಖ್ಯೆ. ಆಮೇಲೆ ಇಡೀ ಗುಡಿ, ಪ್ರದಕ್ಷಿಣೆಯ ಕ್ರಮದಲ್ಲಿ ಗೋಡೆಗಳು, ಕೊನೆಗೆ ಬಿಡಿ ಶಿಲ್ಪಗಳು, ಪಕ್ಕದಲ್ಲಿ 10 ಸೆಂ.ಮೀ. ಅಳತೆಪಟ್ಟಿ ಹಿಡಿದು. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಜಾಗದ ಮಾಹಿತಿಯೂ ಹೋಗುತ್ತದೆ. ರಾತ್ರಿಯೇ ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಇಳಿಸಿ.

ಶುಕ್ರವಾರ ಮಧ್ಯಾಹ್ನ ಖಾಲಿ ಇಡಿ. ಟಿಪ್ಪಣಿಯಲ್ಲಿ ಬಿಟ್ಟುಹೋದದ್ದು ಕೂತು ಬರೆದಾಗಲೇ ಗೊತ್ತಾಗುವುದು, ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನ (ಕ್ರಿ.ಶ. 578) ಯಾವ ಕಡೆ ಇತ್ತು ಎಂದು ಅನುಮಾನ ಬಂದವನು ಮತ್ತೆ ಹತ್ತಿ ನೋಡಿ ಬರಬಹುದು. ಅದೇ ಗುಹೆಯಲ್ಲಿ ವರ್ಣಚಿತ್ರದ ಅವಶೇಷಗಳಿವೆ, ಫ್ಲಾಶ್ ಬೇಡ. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ತ್ವ ಇಲಾಖೆಯ ಅನುಮತಿ ಮುಂಚೆಯೇ ಬೇಕು.

ಕಲ್ಲುಗಂಬ
ಶುಕ್ರವಾರದ ರಜೆ ಗೊತ್ತೇ ಇರಲಿಲ್ಲ, ಉಳಿಸಿದಿರಿ. ದಿನ ಬದಲಿಸಿದೆವು. ನೀರು, ತಲೆಯೆಣಿಕೆ, ವಾಪಸು ಪ್ರಯಾಣದ ಬಗ್ಗೆ ಏನಾದರೂ?

ಅಧಿಷ್ಠಾನ
ನೀರು ತಲೆಗೆ 3 ಲೀಟರ್ ಹಿಡಿಯಿರಿ: 45 ಜನಕ್ಕೆ 135, ಅಂದರೆ 20 ಲೀಟರಿನ ಕ್ಯಾನ್ 7. ಜೊತೆಗೆ ಓಆರ್‌ಎಸ್ ಪೊಟ್ಟಣ. ಬಂಡೆಯ ಕಾವಿಗೆ ಮೇಗುತಿಯಲ್ಲೇ ತಲೆಸುತ್ತು ಶುರುವಾಗುತ್ತದೆ. ಏಳೇಳು ಜನರ ಆರು ತಂಡ ಮಾಡಿ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಬಸ್ಸು ಹೊರಡುವ ಮುಂಚೆ 1ರಿಂದ 42ರವರೆಗೆ ಅವರವರೇ ಕೂಗಲಿ. ‘ಎಲ್ಲರೂ ಬಂದ್ರಾ?’ ಎಂದು ಕೇಳಿದರೆ ಬಾರದವನನ್ನು ಬಿಟ್ಟು ಮಿಕ್ಕವರೆಲ್ಲ ‘ಬಂದ್ವಿ’ ಅನ್ನುತ್ತಾರೆ.

ಬೆಂಗಳೂರಿಗೆ ಸುಮಾರು 450 ಕಿ.ಮೀ. ಗುರುವಾರವಿಡೀ ಓಡಿಸಿದ ಚಾಲಕ ಶುಕ್ರವಾರ ಹಗಲು ನಿದ್ದೆ ಮಾಡಲೇಬೇಕು, ಊರೊಳಗೆ ಎಲ್ಲವೂ ನಡಿಗೆಯ ದೂರ ಆದ್ದರಿಂದ ಬಸ್ಸು ಎಬ್ಬಿಸಬೇಡಿ. ರಾತ್ರಿಗೆ ಎರಡನೇ ಚಾಲಕ ಇದ್ದಾನೆಯೇ ಎಂದು ಈಗಲೇ ಬಸ್ಸಿನವರ ಹತ್ತಿರ ಬರೆಸಿಕೊಳ್ಳಿ.