ಐದು ವಾರಗಳ ವ್ಯಾಯಾಮ, ಆದರೂ ತೂಕ ಇಳಿಯುತ್ತಿಲ್ಲ

ಪ್ರಶ್ನೆ: ಕೋಥ್ರೂಡ್, ಪುಣೆ
ನಮಸ್ಕಾರ. ನನಗೆ 46 ವರ್ಷ. ಊರು ಧಾರವಾಡ, ಹದಿನೆಂಟು ವರ್ಷಗಳಿಂದ ಇಲ್ಲಿ ಕುಳಿತು ಮಾಡುವ ನೌಕರಿ. ಐದು ವಾರಗಳಿಂದ, ವಾರಕ್ಕೆ ಮೂರು ದಿನ ಜಿಮ್ಮಿನಲ್ಲಿ ಭಾರ ಎತ್ತುತ್ತಿದ್ದೇನೆ. ಪ್ರತಿ ಭಾನುವಾರ ನಸುಕಿನಲ್ಲಿ ಹೊರಟು ಊರ ಹೊರಗಿನ ಬೆಟ್ಟದ ಕೋಟೆ ಸಿಂಹಗಡ ಹತ್ತಿ ಇಳಿಯುತ್ತಿದ್ದೇನೆ. ರಾತ್ರಿಯ ಅನ್ನ ಬಿಟ್ಟು ಎರಡು ಜೋಳದ ರೊಟ್ಟಿಗೆ ಬಂದು ನಿಂತಿದ್ದೇನೆ. ಇಷ್ಟಾದರೂ, ಆರಂಭದ ದಿನ 81.4 ಕಿಲೋ ಇದ್ದ ತೂಕ ಈ ಸೋಮವಾರ ಬೆಳಿಗ್ಗೆ 81.9 ಆಗಿದೆ. ಯಂತ್ರದ ಸೆಲ್ ಮುಗಿದಿರಬೇಕೆಂದು ಮನೆಯವರು ಹೇಳಿದರು. ಹೊಸ ಸೆಲ್ ಹಾಕಿದರೂ ಅದೇ ಅಂಕಿ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಠಾಣೆ
ಫಿಸಿಯೋಥೆರಪಿ ನನ್ನ ವೃತ್ತಿ. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಒಗ್ಗದ ಶ್ರಮಕ್ಕೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಗಾಯಗಳಾಗುತ್ತವೆ, ಅವು ಮಾಯುವಾಗ ಅಲ್ಲಿ ನೀರು ಸೇರಿಕೊಳ್ಳುತ್ತದೆ. ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ತೊಡೆಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ, ಏಕೆಂದರೆ ಆಗ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಆ ನೋವು ಒಂದರಿಂದ ಮೂರು ದಿನಗಳೊಳಗೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಇದರ ಜೊತೆಗೆ, ಪಳಗುತ್ತಿರುವ ಸ್ನಾಯು ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತದೆ, ಮತ್ತು ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಉಳಿಯುತ್ತದೆ. ರಕ್ತದ ದ್ರವಾಂಶವೂ ಮೊದಲ ಒಂದೆರಡು ವಾರಗಳಲ್ಲಿ ಸ್ವಲ್ಪ ಏರುತ್ತದೆ. ಇದಾವುದೂ ಕೊಬ್ಬಲ್ಲ.
ತೂಕವನ್ನು ಯಾವಾಗಲೂ ಸೋಮವಾರವೇ ನೋಡುತ್ತೀರಾ? ಗಡದ ಮೇಲೆ ಏನು ಸೇವಿಸುತ್ತೀರಿ?

ಪ್ರಶ್ನೆ ಕೇಳಿದವರು
ಹೌದು, ಸೋಮವಾರವೇ. ಮೇಲೆ ಪಿಠಲ-ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ), ಒಂದು ತಟ್ಟೆ ಕಾಂದಾ ಭಜಿ (ಈರುಳ್ಳಿ ಬಜ್ಜಿ), ಮಣ್ಣಿನ ಕುಡಿಕೆಯಲ್ಲಿ ಕೊಡುವ ಗಟ್ಟಿ ಮೊಸರು. ಅಷ್ಟು ಹತ್ತಿ ಹೋದವನು ಮೊಸರು ತಿನ್ನದೆ ಬರುವುದು ಹೇಗೆ?

ಉತ್ತರ: ಠಾಣೆ
ಹಾಗಾದರೆ ನಿಮ್ಮ ಹೋಲಿಕೆಯೇ ಸರಿಯಿಲ್ಲ. ಮೊದಲ ತೂಕ ವಿಶ್ರಾಂತ ದೇಹದ್ದು. ಉಳಿದವೆಲ್ಲ ಗಡ ಇಳಿದು, ಉಪ್ಪು ತಿಂದು, ತೊಡೆ ಬಾತ ಮರುದಿನದವು. ಶನಿವಾರ ಬೆಳಿಗ್ಗೆ, ಶೌಚದ ನಂತರ, ಏನನ್ನೂ ಕುಡಿಯುವ ಮೊದಲು ನೋಡಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಬರೆದಿಟ್ಟುಕೊಳ್ಳಿ.

ಉತ್ತರ: ಮಡಗಾಂವ್, ಗೋವಾ
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ನೀರಿನ ಲೆಕ್ಕಕ್ಕೆ ಬರೆಯಬೇಡಿ, ಅಣ್ಣಾ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕಿಲೋಕ್ಯಾಲರಿ. ದಿನಕ್ಕೆ 500 ಕಡಿಮೆ ಮಾಡಿದರೂ ವಾರಕ್ಕೆ ಅರ್ಧ ಕಿಲೋಗಿಂತ ಕಡಿಮೆಯೇ ಇಳಿಯುತ್ತದೆ, ಮತ್ತು ಅಷ್ಟನ್ನು ಒಂದು ದಿನದ ನೀರು ಮರೆಮಾಡಬಲ್ಲದು. ಹಾಗೆಯೇ ಒಂದು ದಿನದ ಉಳಿತಾಯವನ್ನು ಆ ಭಜಿಯ ತಟ್ಟೆಯೂ ನುಂಗಬಲ್ಲದು! ನನ್ನ ವಿಷಯದಲ್ಲಿ ಆದದ್ದು ಹೀಗೆಯೇ: ಈಜು ಕಲಿಯಲು ಹೋಗಿ, ಕೊಳದಿಂದ ಬಂದ ಹಸಿವಿಗೆ ದಿನಾ ಎರಡು ಪಾವ್ ಹೆಚ್ಚು ತಿನ್ನುತ್ತಿದ್ದೆ, ಅದು ಗಮನಕ್ಕೆ ಬಂದದ್ದು ಎರಡು ತಿಂಗಳ ಮೇಲೆ. ಹೆಂಗಸರಿಗಾದರೆ ಮುಟ್ಟಿನ ಹಿಂದಿನ ದಿನಗಳಲ್ಲಿ ತುಂಬಿಕೊಳ್ಳುವ ನೀರು ಬೇರೆ. ಪಾದ ಬಾತು ಉಸಿರು ಕಟ್ಟಿದರೆ, ಅಥವಾ ಕಠಿಣ ವ್ಯಾಯಾಮದ ನಂತರ ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ, ತಕ್ಷಣ ವೈದ್ಯರ ಬಳಿಗೆ ಹೋಗಬೇಕು.

ಪ್ರಶ್ನೆ ಕೇಳಿದವರು
ಇಂದು ಶನಿವಾರ: 80.6. ಬೆಲ್ಟನ್ನೂ ಒಂದು ತೂತು ಒಳಕ್ಕೆ ಬಿಗಿಯಬೇಕಾಯಿತು. ಈವರೆಗೆ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ನಾಳೆಯಿಂದ ಭಜಿಯ ತಟ್ಟೆಯನ್ನು ಜೊತೆಗಾರರೊಂದಿಗೆ ಹಂಚಿಕೊಳ್ಳುತ್ತೇನೆ. ಮೊಸರಿನ ಕುಡಿಕೆಯನ್ನು ಮಾತ್ರ ಹಂಚಿಕೊಳ್ಳಲಾರೆ.