ಬೆಂಗಳೂರಿಂದ ಮಂಗಳೂರಿಗೆ ಕಾರಲ್ಲಿ: ಹ್ಯಾಂಡಿ ರೇಡಿಯೋಗೆ ಚಾನೆಲ್ ತುಂಬುವ ಬಗ್ಗೆ

ಪ್ರಶ್ನೆ: ಎರಡು ಕಾರಲ್ಲಿ ವಿಜಯನಗರದಿಂದ ಹೊರಟು ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾರಿಯಲ್ಲಿ ಮಂಗಳೂರಿಗೆ ಹೋಗುವವರಿದ್ದೇವೆ. ಎರಡೂ ಕಾರಲ್ಲಿ ಬಾವೊಫೆಂಗ್ ಯುವಿ-5ಆರ್ ಹ್ಯಾಂಡಿ ಸೆಟ್ ಇದೆ, ಇಬ್ಬರಿಗೂ ವಿಯು3 ದರ್ಜೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಕೀಪ್ಯಾಡ್‌ನಿಂದ ರಿಪೀಟರ್ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಚಾನೆಲ್ ಹಾಕಿದ್ದೇನೆ. ಬೇರೆಯವರ ಮಾತು ಸ್ಪಷ್ಟವಾಗಿ ಕೇಳಿಸುತ್ತೆ, ನಾನು ಕರೆದರೆ ಮಾತ್ರ ಯಾರೂ ಉತ್ತರಿಸಲ್ಲ. ಆಂಟೆನಾ ತೊಂದರೆಯಾ?

ಉತ್ತರ (ರೇಡಿಯೋ ತಂತ್ರಜ್ಞ): ಆಂಟೆನಾ ಮೇಲೆ ಈಗಲೇ ಅನುಮಾನ ಬೇಡ. ಕೇಳಿಸುತ್ತಿದೆ ಅಂದರೆ ಅರ್ಧ ಪ್ರೋಗ್ರಾಂ ಮಾತ್ರ ಸರಿಯಿದೆ ಅಂತ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತೆ, ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತೆ. 2 ಮೀಟರ್ ಬ್ಯಾಂಡಿನಲ್ಲಿ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಆ ಅಂತರ ಸಾಮಾನ್ಯವಾಗಿ ಮೈನಸ್ 600 ಕಿಲೋಹರ್ಟ್ಸ್. ಲೆಕ್ಕಕ್ಕೆ 145.700 ಮೆಗಾಹರ್ಟ್ಸ್ ಅಂತ ಹಿಡಿಯಿರಿ: ನೀವು ಕೇಳುವುದು 145.700ರಲ್ಲಿ, ನಿಮ್ಮ ಸೆಟ್ ಕಳಿಸಬೇಕಾದ್ದು 145.100ರಲ್ಲಿ. ಕೆಲವು ರಿಪೀಟರ್‌ಗಳು ಸಿಟಿಸಿಎಸ್ಎಸ್ ಅನ್ನುವ ಗುರುತಿನ ಟೋನ್ ಬಂದರೆ ಮಾತ್ರ ತೆರೆದುಕೊಳ್ಳುತ್ತವೆ; ಹಾಗಿದ್ದರೆ ಮಾತಿನ ಕೆಳಗೆ ಸದ್ದಿಲ್ಲದೆ ಆ ಟೋನ್ ಕೂಡ ಹೋಗಬೇಕು. ಕಳಿಸುವ ಫ್ರೀಕ್ವೆನ್ಸಿ, ಟೋನ್ ಇವೆರಡರಲ್ಲಿ ಒಂದು ತಪ್ಪಿದರೂ ನಿಮ್ಮ ಕಿವಿಗೆ ಏನೂ ಗೊತ್ತಾಗಲ್ಲ.

ನಿಮ್ಮ ಸೆಟ್ಟಿನಲ್ಲಿ ಹೆಚ್ಚಾಗಿ ಆಗಿರುವುದು ಇದು: ಕೀಪ್ಯಾಡ್‌ನಿಂದ ಹಾಕುವಾಗ ಯುವಿ-5ಆರ್‌ನಲ್ಲಿ ಒಂದೇ ಚಾನೆಲ್ಲನ್ನು ಎರಡು ಸಲ ಸೇವ್ ಮಾಡಬೇಕು. ಮೊದಲ ಸೇವ್ ಕೇಳುವ ಫ್ರೀಕ್ವೆನ್ಸಿಗೆ, ಎರಡನೆಯದು ಕಳಿಸುವ ಫ್ರೀಕ್ವೆನ್ಸಿಗೆ. ಎರಡನೆಯದನ್ನು ಬಿಟ್ಟರೆ ಸೆಟ್ಟು ಕೇಳುವ ಫ್ರೀಕ್ವೆನ್ಸಿಯಲ್ಲೇ ಕಳಿಸುತ್ತೆ, ರಿಪೀಟರ್‌ಗೆ ಅದು ಮುಟ್ಟುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ವಿಎಫ್ಒ ಮೋಡ್‌ಗೆ (ಫ್ರೀಕ್ವೆನ್ಸಿಯನ್ನು ನೇರವಾಗಿ ಒತ್ತುವ ಮೋಡ್) ಬಂದು ಮೇಲಿನ ಸಾಲು, ಅಂದರೆ ಎ ಸಾಲನ್ನು ಆರಿಸಿ. ಮೆನು 7 ಟಿಡಿಆರ್ (ಎರಡೂ ಸಾಲನ್ನು ಸರದಿಯಂತೆ ಕೇಳುವುದು) ಆಫ್ ಮಾಡಿ. ಬೇಕಾದ ಚಾನೆಲ್ ನಂಬರ್‌ನಲ್ಲಿ ಹಳೆಯದು ಇದ್ದರೆ ಮೆನು 28ರಿಂದ ಅಳಿಸಿ. ತುಂಬಿದ ಚಾನೆಲ್ ಮುಂದೆ ಸಿಎಚ್ ಅಂತ ಕಾಣಿಸುತ್ತೆ, ಖಾಲಿಯದಕ್ಕೆ ಬರೀ ನಂಬರ್. ಈಗ 145.700 ಒತ್ತಿ, ಮೆನು 25ರಲ್ಲಿ ಮೈನಸ್, 26ರಲ್ಲಿ 00.600, 13ರಲ್ಲಿ ರಿಪೀಟರ್‌ಗೆ ಬೇಕಾದ ಟೋನ್ ಹಾಕಿ. ಮೆನು 27ರಲ್ಲಿ ಚಾನೆಲ್ ಆರಿಸಿ ಸೇವ್ ಮಾಡಿ, ಹೊರಬನ್ನಿ. ನಂತರ ಸ್ಟಾರ್ ಕೀಯನ್ನು ಒಮ್ಮೆ ಚಿಕ್ಕದಾಗಿ ಒತ್ತಿ. ಪರದೆಯಲ್ಲಿ 145.100 ಬರುತ್ತೆ. ಮತ್ತೆ ಮೆನು 27, ಅದೇ ಚಾನೆಲ್, ಸೇವ್. ಸ್ಟಾರ್ ಮತ್ತೊಮ್ಮೆ ಒತ್ತಿ ಮೊದಲಿನಂತೆ ಮಾಡಿ.

ನಿಮ್ಮ ಸೆಟ್ಟು ಕೇಳುವಾಗ ಕಾಯುವ ಟೋನ್, ಅಂದರೆ ಮೆನು 11, ಸದ್ಯಕ್ಕೆ ಆಫ್ ಇರಲಿ. ರಿಪೀಟರ್ ಆ ಟೋನನ್ನು ವಾಪಸ್ ಕಳಿಸದಿದ್ದರೆ ನಿಮ್ಮ ಸೆಟ್ಟು ಬಾಯಿ ಬಿಡುವುದೇ ಇಲ್ಲ, ಇದ್ದ ಅರ್ಧವೂ ಹೋಗುತ್ತೆ.

ಪ್ರಶ್ನೆ: ಎರಡನೇ ಸೇವ್ ಬಿಟ್ಟಿದ್ದೇ ನಿಜ. ಸರಿಯಾಗಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಉತ್ತರ: ಎರಡು ಸೆಟ್ ಇವೆಯಲ್ಲ, ಅದಕ್ಕಿಂತ ಒಳ್ಳೆ ಅಳತೆಯ ಉಪಕರಣ ಬೇಕಿಲ್ಲ. ಎರಡನೇ ಸೆಟ್ಟನ್ನು ವಿಎಫ್ಒದಲ್ಲಿ 145.100ಕ್ಕೆ ಇಟ್ಟು ಪಕ್ಕದ ಕೋಣೆಯಲ್ಲಿಡಿ. ಮೊದಲನೆಯದರಲ್ಲಿ ರಿಪೀಟರ್ ಚಾನೆಲ್ ತಂದು, ಪವರ್ ಲೋ ಮಾಡಿ, ಚಾನೆಲ್ ಖಾಲಿಯಿದೆ ಅಂತ ಕೇಳಿಸಿಕೊಂಡು, ಕಾಲ್‌ಸೈನ್ (ಲೈಸೆನ್ಸಿನಲ್ಲಿರುವ ನಿಮ್ಮ ಗುರುತು) ಹೇಳಿ ಎರಡು ಸೆಕೆಂಡ್ ಮಾತಾಡಿ. ಎರಡನೆಯದರಲ್ಲಿ ಕೇಳಿಸಿದರೆ ಫ್ರೀಕ್ವೆನ್ಸಿ ಸರಿ. ಆಮೇಲೆ ಆ ಎರಡನೇ ಸೆಟ್ಟಿನ ಮೆನು 11ರಲ್ಲಿ ಅದೇ ಟೋನ್ ಹಾಕಿ ಮತ್ತೆ ಪರೀಕ್ಷಿಸಿ. ಈಗಲೂ ತೆರೆದುಕೊಂಡರೆ ಟೋನ್ ಹೊರಡುತ್ತಿದೆ. ಮುಚ್ಚಿಯೇ ಉಳಿದರೆ ಟೋನ್ ಇಲ್ಲ ಅಥವಾ ಪಕ್ಕದ ನಂಬರ್ ಬಿದ್ದಿದೆ. 88.5 ಹರ್ಟ್ಸ್ ಬದಲು 85.4 ನಿಲ್ಲುವುದು ತೀರಾ ಸಾಮಾನ್ಯ.

ಎಲ್ಲ ಸರಿಯಿದ್ದೂ ನಿಮ್ಮ ದನಿ ತಗ್ಗಾಗಿದೆ ಅಂತ ಬೇರೆಯವರು ಹೇಳಿದರೆ ಮೆನು 5, ಅಂದರೆ ಸಿಗ್ನಲ್ಲಿನ ಅಗಲ, ನ್ಯಾರೋದಲ್ಲಿರಬಹುದು, ವೈಡ್ ಮಾಡಿ ನೋಡಿ. ದನಿ ಒಡೆದು ಕೇಳಿಸಿದರೆ ಅದರ ಉಲ್ಟಾ.

ಪ್ರಶ್ನೆ: ಹತ್ತಾರು ಚಾನೆಲ್ ಹೀಗೆ ಒತ್ತಿ ಒತ್ತಿ ಹಾಕುವುದು ಕಷ್ಟ. ಕಂಪ್ಯೂಟರ್‌ನಿಂದ ಚಾನೆಲ್ ತುಂಬುವ ಚಿರ್ಪ್ ಸಾಫ್ಟ್‌ವೇರ್ ಹಾಕಿಕೊಂಡು ಎಸ್.ಪಿ. ರಸ್ತೆಯಿಂದ ಕೇಬಲ್ ತಂದೆ. ರೇಡಿಯೋ ಉತ್ತರಿಸುತ್ತಿಲ್ಲ ಅಂತ ಎರರ್ ಬರುತ್ತೆ.

ಉತ್ತರ: ಮೊದಲು ಪ್ಲಗ್ ನೋಡಿ. ಎರಡು ಪಿನ್ನಿನ ಆ ಪ್ಲಗ್ ಪೂರ್ತಿ ಒಳಗೆ ಹೋದಂತೆ ಕಾಣುತ್ತೆ, ಆದರೆ ಒಂದೆರಡು ಮಿಲಿಮೀಟರ್ ಹೊರಗೇ ನಿಂತಿರುತ್ತೆ. ರೇಡಿಯೋ ಆಫ್ ಮಾಡಿ, ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿ, ಕ್ಲಿಕ್ ಅನ್ನಬೇಕು. ಪ್ಲಗ್ಗಿನ ಪ್ಲಾಸ್ಟಿಕ್ ಅಂಚು ರೇಡಿಯೋದ ಮೈಗೆ ತಾಗಿ ತಡೆಯುತ್ತಿದ್ದರೆ ಆ ಅಂಚನ್ನು ಬ್ಲೇಡಿನಿಂದ ಸ್ವಲ್ಪ ಕೆತ್ತಬೇಕಾಗುತ್ತೆ. ಆಮೇಲೆ ಆನ್ ಮಾಡಿ, ಯಾವ ಸಿಗ್ನಲ್ಲೂ ಬರದ ಫ್ರೀಕ್ವೆನ್ಸಿಯಲ್ಲಿಡಿ, ಯಾಕೆಂದರೆ ಓದುವ ಮಧ್ಯೆ ಮಾತು ಬಂದರೆ ಕೆಲಸ ಅರ್ಧಕ್ಕೆ ನಿಲ್ಲಬಹುದು.

ಆಗಲೂ ಆಗದಿದ್ದರೆ ಕೇಬಲ್ ಒಳಗಿನ ಚಿಪ್. ಕಡಿಮೆ ಬೆಲೆಯ ಕೇಬಲ್‌ಗಳಲ್ಲಿ ಪ್ರಾಲಿಫಿಕ್ ಕಂಪನಿಯ ಚಿಪ್ಪಿನ ನಕಲು ಇರುತ್ತೆ, ವಿಂಡೋಸ್‌ನ ಹೊಸ ಡ್ರೈವರ್ ಅದನ್ನು ಒಪ್ಪಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಇದೇ ಕಾರಣ. ಡ್ರೈವರ್‌ನ ಹಳೆಯ ಆವೃತ್ತಿಗೆ ಹಿಂತಿರುಗಿಸಿ, ಇಲ್ಲವೇ ಎಫ್‌ಟಿಡಿಐ ಅಥವಾ ಸಿಎಚ್340 ಚಿಪ್ಪಿನ ಕೇಬಲ್ ಕೇಳಿ ತನ್ನಿ. ಲಿನಕ್ಸ್ ಇದ್ದರೆ ಈ ತಾಪತ್ರಯ ಸಾಮಾನ್ಯವಾಗಿ ಬರಲ್ಲ.

ಸಂಪರ್ಕ ಸಿಕ್ಕ ಕೂಡಲೇ ಏನನ್ನೂ ಬರೆಯಬೇಡಿ. ಮೊದಲು ರೇಡಿಯೋದಿಂದ ಓದಿ, ಆ ಫೈಲನ್ನು ಹಾಗೇ ಒಂದು ಕಡೆ ಎತ್ತಿಡಿ. ಗೆಳೆಯರ ಸೆಟ್ಟಿನ ಫೈಲನ್ನು ನಿಮ್ಮದಕ್ಕೆ ನೇರವಾಗಿ ಹಾಕುವುದು ಬೇಡವೇ ಬೇಡ. ಹೊರನೋಟಕ್ಕೆ ಒಂದೇ ಆದರೂ ಒಳಗಿನ ಫರ್ಮ್‌ವೇರ್ ಬೇರೆ ಇರಬಹುದು. ಪ್ರತಿ ಸೆಟ್ಟನ್ನೂ ಅದರದ್ದೇ ಫೈಲ್ ಓದಿ, ಚಾನೆಲ್ ಸಾಲುಗಳನ್ನು ಮಾತ್ರ ಕಾಪಿ ಮಾಡಿ ತುಂಬಿ. ಚಿರ್ಪ್‌ನಲ್ಲಿ ಡ್ಯೂಪ್ಲೆಕ್ಸ್ ಮೈನಸ್, ಆಫ್‌ಸೆಟ್ 0.600, ಟೋನ್ ಮೋಡ್ ಬರೀ ಟೋನ್. ಟಿಎಸ್‌ಕ್ಯೂಎಲ್ ಆರಿಸಿದರೆ ಮೇಲೆ ಹೇಳಿದ ಕೇಳುವ ಟೋನೂ ಸೇರಿಕೊಳ್ಳುತ್ತೆ.

ಪ್ರಶ್ನೆ: ಯಾವ ಚಾನೆಲ್ ಯಾವ ನಂಬರಿಗೆ?

ಉತ್ತರ: ಊರಿನ ಅಕ್ಷರಕ್ರಮದಲ್ಲಿ ಹಾಕುವವರಿದ್ದಾರೆ, ಪ್ರಯಾಣಕ್ಕೆ ಅದು ಉಪಯೋಗವಿಲ್ಲ. ದಾರಿಯ ಕ್ರಮದಲ್ಲೇ ಹಾಕಿ. ಒಂದನೇ ನಂಬರ್ ಎರಡು ಕಾರಿನ ನಡುವಿನ ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರ ಮಾತು), ಎರಡನೆಯದು 145.500 ಕರೆಯುವ ಚಾನೆಲ್, ನಂತರ ಬೆಂಗಳೂರಿನ ರಿಪೀಟರ್‌ಗಳು, ಹಾಸನದ ಕಡೆಯವು, ಕೊನೆಗೆ ಕರಾವಳಿಯವು. ಮುಂದೆ ಸಾಗಿದಂತೆ ಮೇಲಿನ ಬಾಣ ಒತ್ತುತ್ತಾ ಹೋದರಾಯಿತು. ಹೆಸರಿಗೆ ಏಳೇ ಅಕ್ಷರ ಜಾಗ, ಹಾಗಾಗಿ ಊರಿನ ಹೆಸರು ಚಿಕ್ಕದು ಮಾಡಿ. ರಿಪೀಟರ್ ಪಟ್ಟಿಗಳು ಹಳತಾಗುತ್ತವೆ, ಟೋನ್ ಬದಲಾಗಿರುತ್ತೆ. ಹೊರಡುವ ಮುನ್ನ ಆಯಾ ಊರಿನ ಹ್ಯಾಮ್‌ಗಳನ್ನು ಕೇಳಿ ಖಚಿತ ಮಾಡಿಕೊಳ್ಳಿ, ಪಟ್ಟಿಯನ್ನು ಕಾಗದದ ಮೇಲೂ ಬರೆದು ಡ್ಯಾಶ್‌ಬೋರ್ಡ್‌ನಲ್ಲಿಡಿ.

ಕಾರಿಂದ ಕಾರಿಗೆ ಮಾತಾಡಲು 145.500 ಹಿಡಿದು ಕೂರಬೇಡಿ. ಅದು ಕರೆದು ಬೇರೆಡೆ ಸರಿಯುವ ಜಾಗ. ಸ್ಥಳೀಯ ರಿಪೀಟರ್‌ಗಳಿಗೆ ಅಡ್ಡ ಬರದ ಸಿಂಪ್ಲೆಕ್ಸ್ ಫ್ರೀಕ್ವೆನ್ಸಿ ಆರಿಸಿ. ನಮ್ಮಲ್ಲಿ 2 ಮೀಟರ್ ಅಂದರೆ 144ರಿಂದ 146 ಮೆಗಾಹರ್ಟ್ಸ್, 70 ಸೆಂಟಿಮೀಟರ್ ಅಂದರೆ 434ರಿಂದ 438. ಸೆಟ್ಟು ಅದರಾಚೆಗೂ ಕಳಿಸಬಲ್ಲದು, ನಿಮಗೆ ಅನುಮತಿಯಿಲ್ಲ. ಅದಕ್ಕೇ ಪ್ರಯಾಣದಲ್ಲಿ ಚಾನೆಲ್ ಮೋಡ್‌ನಲ್ಲೇ ಇಟ್ಟು ಹ್ಯಾಷ್ ಕೀ ಒತ್ತಿ ಹಿಡಿದು ಲಾಕ್ ಮಾಡಿ. ಪಿಟಿಟಿ, ಅಂದರೆ ಮಾತಾಡಲು ಒತ್ತುವ ಬಟನ್, ಲಾಕ್ ಆಗಲ್ಲ ಅನ್ನುವುದು ನೆನಪಿರಲಿ: ಸೀಟಿನ ಸಂದಿಯಲ್ಲಿ ಅದುಮಿಕೊಂಡರೆ ಇಡೀ ರಿಪೀಟರ್ ಕಟ್ಟಿಹಾಕುತ್ತೀರಿ. ಮೆನು 9ರಲ್ಲಿ, ಕಳಿಸುವುದನ್ನು ತಾನಾಗಿ ನಿಲ್ಲಿಸುವ ಟೈಮರ್ 60 ಸೆಕೆಂಡ್ ಇಡಿ.

ಇನ್ನೊಬ್ಬರ ಉತ್ತರ (ಆಂಟೆನಾ ಕೆಲಸದವರು): ಪ್ರೋಗ್ರಾಂ ಎಷ್ಟೇ ಸರಿಯಿದ್ದರೂ ಕಾರಿನ ತಗಡು ಒಳಗಿನ ರಬ್ಬರ್ ಆಂಟೆನಾದ ಸಿಗ್ನಲ್ ನುಂಗುತ್ತೆ. ಚಾವಣಿಯ ನಡುವೆ ಮ್ಯಾಗ್ನೆಟ್ ಆಂಟೆನಾ ಇಡಿ. 145 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರದ ಕಡ್ಡಿ ಸುಮಾರು 49 ಸೆಂಟಿಮೀಟರ್. ಸನ್‌ರೂಫಿನ ಗಾಜಿಗೆ ಮ್ಯಾಗ್ನೆಟ್ ಹಿಡಿಯಲ್ಲ, ಮೊದಲೇ ನೋಡಿಕೊಳ್ಳಿ. ಯುವಿ-5ಆರ್‌ನ ಮೈಮೇಲೆ ಆಂಟೆನಾಗೆ ಇರುವುದು ಎಸ್ಎಂಎ ಕನೆಕ್ಟರ್‌ನ ಗಂಡು ಬಗೆ, ಆದ್ದರಿಂದ ಕೇಬಲ್ ತುದಿ ಹೆಣ್ಣಾಗಿರಬೇಕು. ಯಾಯೆಸು (Yaesu) ಕಂಪನಿಯ ಎಫ್‌ಟಿ-60ರಂಥ ಸೆಟ್‌ಗಳಲ್ಲಿ ಇದು ತಿರುಗುಮುರುಗು, ಅಂಗಡಿಯಲ್ಲಿ ಹೇಳಿಯೇ ಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಅಡ್ಡ ಬಂದ ತಕ್ಷಣ ಮಾತು ಕಡಿಯುತ್ತೆ, ಪವರ್ ಹೆಚ್ಚಿಸಿ ಲಾಭವಿಲ್ಲ. ಘಾಟಿ ಇಳಿಯುವ ಮುನ್ನವೇ ಸಕಲೇಶಪುರದಲ್ಲಿ ನಿಂತು, ಮುಂದೆ ಎಲ್ಲಿ ಸೇರುವುದು ಅಂತ ಮಾತಾಡಿಕೊಳ್ಳಿ.

ಪ್ರಶ್ನೆ: ಗೆಳೆಯ ಡ್ರೈವ್ ಮಾಡುವಾಗ ಅವನ ಹೆಂಡತಿ ಮಾತಾಡಬಹುದಾ? ಅವರಿಗೆ ಹ್ಯಾಮ್ ಲೈಸೆನ್ಸ್ ಇಲ್ಲ.

ಉತ್ತರ (ರೇಡಿಯೋ ತಂತ್ರಜ್ಞ): ಹ್ಯಾಮ್ ಬ್ಯಾಂಡಿನಲ್ಲಿ ಅವರು ಕೇಳಬಹುದು, ಪಿಟಿಟಿ ಒತ್ತುವುದು ಬೇಡ. ಹ್ಯಾಮ್ ಲೈಸೆನ್ಸ್ ಇಲ್ಲದವರಿಗೆ ಇರುವ ಒಂದು ದಾರಿ ಸಿಟಿಜನ್ ಬ್ಯಾಂಡ್, 26.957ರಿಂದ 27.283 ಮೆಗಾಹರ್ಟ್ಸ್, 5 ವ್ಯಾಟ್‌ವರೆಗೆ. ಯುವಿ-5ಆರ್ ಅಲ್ಲಿಗೆ ಹೋಗಲ್ಲ, ಬೇರೆ ಸೆಟ್ ಬೇಕು. ಇಲ್ಲದಿದ್ದರೆ ಗೆಳೆಯರು ಪಕ್ಕದ ಸೀಟಿಗೆ ಬಂದು ಸ್ಟೀರಿಂಗ್ ಹೆಂಡತಿಗೆ ಕೊಡಲಿ. ನೀವು, ಗೆಳೆಯರು ಇಬ್ಬರೂ ಹ್ಯಾಮ್ ಲೈಸೆನ್ಸ್ ಪ್ರತಿ ಜೊತೆಗಿಟ್ಟುಕೊಳ್ಳಿ.