ಸಹಾಯ ಬೇಕು: ಚಾಕೊಲೇಟ್-ಬೀಜದ ಐಸ್‌ಕ್ರೀಂ ಕೋನ್‌ಗೆ ಕಾರ್ಬ್ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. 11 ವರ್ಷದ ಮಗಳಿಗೆ ಟೈಪ್ 1 ಡಯಾಬಿಟಿಸ್. ಡಾಕ್ಟರ್ ಹೇಳಿದಂತೆ 15 ಗ್ರಾಂ ಕಾರ್ಬೋಹೈಡ್ರೇಟ್‌ಗೆ 1 ಯೂನಿಟ್ ಇನ್ಸುಲಿನ್ ಕೊಡ್ತೀವಿ. ಭಾನುವಾರ ಅವಳ ಹುಟ್ಟುಹಬ್ಬ, ಗೋಡಂಬಿ-ಚಾಕೊಲೇಟ್ ಕೋನ್ ಬೇಕಂತೆ. ಇಲ್ಲ ಅನ್ನೋಕೆ ಮನಸ್ಸಿಲ್ಲ.

ಕೋನ್ ಮೇಲೆ 110 ಎಂಎಲ್ ಅಂತಿದೆ, ಆದ್ರೆ ಪೋಷಕಾಂಶದ ಪಟ್ಟಿ ಇರೋದು 100 ಗ್ರಾಂಗೆ: ಕಾರ್ಬೋಹೈಡ್ರೇಟ್ 34 ಗ್ರಾಂ, ಕೊಬ್ಬು 15 ಗ್ರಾಂ. ಐಸ್‌ಕ್ರೀಂನಲ್ಲಿ ಗಾಳಿ ಸೇರಿರೋದ್ರಿಂದ ಎಂಎಲ್ ಮತ್ತು ಗ್ರಾಂ ಒಂದೇ ಅಲ್ಲ. ಅಡುಗೆಮನೆ ತಕ್ಕಡೀಲಿ ಕಾಗದ ಬಿಚ್ಚಿ ತೂಗಿದೆ, 72 ಗ್ರಾಂ ಬಂತು. ಹಾಗಾದ್ರೆ ಸುಮಾರು 24 ಗ್ರಾಂ ಕಾರ್ಬ್. ಎಂಎಲ್ ಲೆಕ್ಕ ಹಿಡಿದ್ರೆ 37! ಹೆಚ್ಚುಕಮ್ಮಿ ಒಂದು ಯೂನಿಟ್ ವ್ಯತ್ಯಾಸ, ಮಗುವಿಗೆ ಅದು ಸಣ್ಣದಲ್ಲ. ಡಾಕ್ಟರ್ ಸೋಮವಾರವೇ ಸಿಗೋದು.

ಮಕ್ಕಳಿಗೆ ಕಾರ್ಬ್ ಎಣಿಸೋ ಅಪ್ಪ-ಅಮ್ಮಂದಿರು, ಡಯಟಿಷಿಯನ್‌ಗಳು ದಯವಿಟ್ಟು ಹೇಳಿ: ಪಟ್ಟಿಯ ಆ 34 ಗ್ರಾಂನಲ್ಲಿ ವೇಫರ್, ಚಾಕೊಲೇಟ್, ಬೀಜ ಎಲ್ಲಾ ಸೇರಿರುತ್ತಾ, ಇಲ್ಲಾ ಬರೀ ಐಸ್‌ಕ್ರೀಂದಾ?